ತಜ್ಞರ ಮಾತು ಮತ್ತು ಭಾಷಾಸಮಿತಿ

ಐದು ಸಮಿತಿಗಳಲ್ಲಿ ಎರಡನೆಯದು ಭಾಷಾಸಮಿತಿ. ಹಿತವೂ ಮಿತವೂ ಅಸಂದಿಗ್ಧವೂ ಆದ ಮಾತನ್ನೇ ಆಡಬೇಕೆಂಬುದು ಅದರ ಸಾರ. ಮುನಿಗಳಿಗೆ ವಿಹಿತವಾದ ಈ ನಿಯಮವು, ವಿಜ್ಞಾನವನ್ನು ಬಲ್ಲವರು ಜನಸಾಮಾನ್ಯರಿಗೆ ಹೇಳುವ ಮಾತನ್ನು ಒರೆಹಚ್ಚುವುದಕ್ಕೂ ಯೋಗ್ಯವಾದುದು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಮುಂಗಾರಿನ ಆಲೂಗಡ್ಡೆಯನ್ನೇ ನಿದರ್ಶನವಾಗಿ ತೆಗೆದುಕೊಳ್ಳಬಹುದು. ಕಂದಮೂಲವಾದುದರಿಂದ ಅದು ಶ್ರಾವಕರಿಗೆ ವರ್ಜ್ಯ. ಆದರೆ ಬೆಳೆದವನ ಸಂಕಟ ಕರುಣೆಗೆ ಹೊರತಲ್ಲ. ತಂಪು ಹವೆ, ಮೋಡ, ಜಡಿಮಳೆಗಳು ಕೂಡಿಬಂದರೆ ಅಂಗಮಾರಿ ರೋಗವು ಕೆಲವೇ ದಿನಗಳಲ್ಲಿ ಹೊಲವನ್ನು ಸುಟ್ಟಂತೆ ಮಾಡುತ್ತದೆ. ‘ಶೇಕಡಾ 0.2ರ ಮ್ಯಾಂಕೋಜೆಬ್ ದ್ರಾವಣವನ್ನು ಸಿಂಪಡಿಸಿ’ ಎಂಬುದು ತಜ್ಞಭಾಷೆ. ಅದು ಸತ್ಯವೇ, ಹಿತವಾಗಬೇಕಾದರೆ ‘ಲೀಟರ್ ನೀರಿಗೆ 2 ಗ್ರಾಂ’ ಎನ್ನಬೇಕು. ಅದಕ್ಕಿಂತ ಮುಖ್ಯವಾಗಿ, ಈ ಔಷಧವು ಎಲೆಯ ಮೇಲೆ ಕವಚವಾಗಿ ನಿಲ್ಲುವುದೇ ಹೊರತು ಒಳಹೊಕ್ಕ ರೋಗವನ್ನು ವಾಸಿಮಾಡದು, ಆದ್ದರಿಂದ ಚುಕ್ಕೆ ಕಾಣುವ ಮೊದಲೇ ಸಿಂಪಡಿಸಬೇಕು ಎಂದು ತಿಳಿಸಬೇಕು. ಈ ಒಂದು ವಾಕ್ಯ ಬಿಟ್ಟುಹೋದರೆ ರೈತನ ಹಣವೂ ಬೆಳೆಯೂ ಹೋಗುತ್ತವೆ. ನಷ್ಟವನ್ನು ಮಾತ್ರ ಅವನ ಅಜ್ಞಾನದ ಖಾತೆಗೆ ಬರೆಯಲಾಗುತ್ತದೆ.

ಇದು ಹೊಸ ದೋಷವಲ್ಲ. 1845ರಲ್ಲಿ ಇದೇ ರೋಗವು ಐರ್ಲೆಂಡಿನಲ್ಲಿ ಹಬ್ಬಿದಾಗ, ಸರ್ಕಾರ ನೇಮಿಸಿದ ವಿಜ್ಞಾನಿಗಳು ಕೊಳೆತಕ್ಕೆ ತೇವವೇ ಕಾರಣವೆಂದು ಬಗೆದು, ಗಡ್ಡೆಗಳನ್ನು ಒಣಗಿಸಿಡುವ ತೊಡಕಿನ ಕ್ರಮಗಳನ್ನು ಅಚ್ಚುಹಾಕಿಸಿ ಹಂಚಿದರು. ಅರ್ಥವಾಗದವರು ಜಮೀನುದಾರರನ್ನೋ ಪಾದ್ರಿಗಳನ್ನೋ ಕೇಳಿಕೊಳ್ಳಬೇಕೆಂಬ ಸೂಚನೆಯೂ ಅದರಲ್ಲಿತ್ತು.

ಇದಕ್ಕೆ ಪ್ರತಿಯಾದ ಮೇಲ್ಪಂಕ್ತಿ ಕನ್ನಡದಲ್ಲೇ ಇದೆ. 12ನೆಯ ಶತಮಾನದ ಜೈನಕವಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ರಚಿಸಿ, ಸೂತ್ರದೊಡನೆ ಟೀಕೆಯನ್ನೂ ಉದಾಹರಣೆಗಳನ್ನೂ ಕೊಟ್ಟನು. ತಿಳಿಯದವನನ್ನು ಬೇರೆಯವರ ಬಾಗಿಲಿಗೆ ಕಳುಹಿಸಲಿಲ್ಲ.

‘ಖಚಿತವಾಗಿ ಹೇಳಲಾಗದು’ ಎಂದಷ್ಟೇ ಹೇಳಿ ನಿಲ್ಲುವ ತಜ್ಞರ ಮಾತನ್ನು ಸ್ಯಾದ್ವಾದವೆಂದು ಕೆಲವರು ಮೆಚ್ಚಬಹುದು. ಅದು ಸರಿಯಲ್ಲ. ‘ಸ್ಯಾತ್’ ಎಂದರೆ ‘ಇದ್ದರೂ ಇರಬಹುದು’ ಎಂಬ ಸಂಶಯವಲ್ಲ. ಇಂಥ ಅಪೇಕ್ಷೆಯಿಂದ ಹೀಗೆ ಎಂಬ ನಿಶ್ಚಯ. ಔಷಧವು ಯಾವ ಹವೆಯಲ್ಲಿ, ಯಾವ ಹಂತದಲ್ಲಿ ಫಲಿಸುತ್ತದೆ, ಯಾವಾಗ ಫಲಿಸದು ಎಂದು ಬಿಡಿಸಿ ಹೇಳುವುದೇ ಸ್ಯಾದ್ವಾದಿಯ ಮಾತು.

ಕೇಳುವವರಿಗೂ ಕರ್ತವ್ಯವಿದೆ. ಬಸದಿಯ ಸಭೆಗೆ ವೈದ್ಯರನ್ನೋ ಕೃಷಿವಿಜ್ಞಾನಿಗಳನ್ನೋ ಬರಮಾಡಿಕೊಳ್ಳುವ ಟ್ರಸ್ಟುಗಳು, ಹಾರ ಶಾಲುಗಳಿಗೆ ಮೀಸಲಿಡುವ ಹೊತ್ತನ್ನು ಪ್ರಶ್ನೋತ್ತರಕ್ಕೆ ಕೊಡಲಿ. ‘ಅರ್ಥವಾಗಲಿಲ್ಲ’ ಎನ್ನಲು ಶ್ರಾವಕನು ನಾಚದಿರಲಿ. ಅದನ್ನು ಕೇಳಿ ತಜ್ಞನು ಬೇಸರಿಸದಿರಲಿ.