ನಟನ ಮುಖಕ್ಕೆ ಬೆಳಕು ಬೇಕು

ಕೀರ್ತಿನಾಥ ಕುರ್ತಕೋಟಿಯವರಿಂದಾಗಿ (1928–2003) ಕುರ್ತಕೋಟಿ ಎಂಬ ಹೆಸರು ಕನ್ನಡ ವಿಮರ್ಶೆಯೊಳಗೇ ಸೇರಿಹೋಗಿದೆ. ‘ಆ ಮನಿ’ ನಾಟಕ ಬರೆದವರೂ ಅವರೇ. ಆದರೂ ನಮ್ಮಲ್ಲಿ ನಾಟಕದ ವಿಮರ್ಶೆ ಎಂದರೆ ಮಾತು, ಅಭಿನಯ, ಹಾಡು. ಬೆಳಕಿನ ಪಾಲಿಗೆ ಕೊನೆಯಲ್ಲೊಂದು ಸಾಲು ಸಿಕ್ಕರೆ ಹೆಚ್ಚು. ಗದುಗಿನ ಸುತ್ತಲಿನ ಕುರ್ತಕೋಟಿ, ಹುಲಕೋಟಿಗಳಂಥ ಊರುಗಳ ಜಾತ್ರೆ ನಾಟಕಕ್ಕೆ ಈಗ ಬಂದಿರುವ ಹೊಸ ಬೆಳಕಿನ ವಿಷಯದಲ್ಲಿ ಹಾಗೆ ಸುಮ್ಮನಿರಲು ನನಗೆ ಮನಸ್ಸಿಲ್ಲ.

1870ರ ದಶಕದಲ್ಲಿ ಶಾಂತಕವಿಗಳು ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಗದುಗಿನಲ್ಲಿ. ಗರೂಡ ಸದಾಶಿವರಾಯರ ದತ್ತಾತ್ರೇಯ ನಾಟಕ ಮಂಡಳಿ, ಪಂಚಾಕ್ಷರ ಗವಾಯಿಗಳ ಹೆಸರಿನ ನಾಟ್ಯ ಸಂಘ ಇಲ್ಲಿಯವೇ. ಆ ಕಂಪನಿಗಳ ರುಚಿ ಹಳ್ಳಿಯ ಹವ್ಯಾಸಿ ಹುಡುಗರಲ್ಲಿ ಇನ್ನೂ ಉಳಿದಿದೆ. ಪೇಟಿ ಮಾಸ್ತರರು ವಾರಗಟ್ಟಲೆ ತಾಲೀಮು ಕೊಡುತ್ತಾರೆ. ಪರದೆ, ಮೈಕು, ದೀಪ ಬಾಡಿಗೆಗೆ ಬರುತ್ತವೆ. ಗ್ಯಾಸ್‌ಬತ್ತಿ ಹೋಗಿ ಹ್ಯಾಲೋಜನ್ ಬಂತು, ಆಮೇಲೆ ಎಲ್‌ಇಡಿ ಪಾರ್ ಬಂತು. ಈಗ ರಸಮಂಜರಿ ವೇದಿಕೆಯಿಂದ ನಾಟಕಕ್ಕೂ ಇಳಿದು ಬಂದಿರುವುದು ಕುತ್ತಿಗೆ ತಿರುಗಿಸುವ ಮೂವಿಂಗ್ ಹೆಡ್. ಯಾವ ಕಂಪನಿಯದಾದರೂ ಜನರ ಬಾಯಲ್ಲಿ ಅದು ಶಾರ್ಪಿ.

ನಾಟಕದಲ್ಲಿ ಅದನ್ನು ಬಳಸುತ್ತಿರುವ ಬಗೆ ತಪ್ಪು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಸಾಮಾಜಿಕ ನಾಟಕದ ತಾಯಿ ಮಗನನ್ನು ಕಳೆದುಕೊಂಡು ಅಳುತ್ತಿದ್ದಾಳೆ. ಅವಳ ಮುಖ ಕತ್ತಲಲ್ಲಿದೆ. ತಲೆಯ ಮೇಲೆ ನಾಲ್ಕು ನೀಲಿ ಕೋಲುಗಳು ಒಂದನ್ನೊಂದು ಕತ್ತರಿಸುತ್ತ ಬಂದು ಜಮಖಾನೆಯ ಮೇಲೆ ಕೂತವರ ಕಣ್ಣಿಗೆ ಹೊಡೆಯುತ್ತವೆ. ದೀಪಗಳನ್ನು ನಡೆಸುವ ಕನ್ಸೋಲಿನಲ್ಲಿ ಚೇಸ್ ಎಂಬ, ತಾನಾಗಿ ಸುತ್ತುವ ಸರಣಿಯೊಂದು ಓಡುತ್ತಿದೆ, ಅಥವಾ ದೀಪವನ್ನು ಸೌಂಡ್ ಮೋಡಿಗೆ ಬಿಟ್ಟಿದ್ದಾರೆ. ಆಗ ತಬಲದ ಪೆಟ್ಟಿಗೂ ಅದು ಹಾರುತ್ತದೆ, ಅವಳ ಬಿಕ್ಕಿಗೂ ಹಾರುತ್ತದೆ. ದೃಶ್ಯ ಏನು ಕೇಳುತ್ತಿದೆ ಎಂದು ಯಾರೂ ನೋಡಿರುವುದಿಲ್ಲ.

ಈ ದೀಪ ಅದಕ್ಕಾಗಿ ಹುಟ್ಟಿದ್ದಲ್ಲ. 1981ರಲ್ಲಿ ಜೆನೆಸಿಸ್ ಎಂಬ ರಾಕ್ ತಂಡದ ಪ್ರವಾಸದಲ್ಲಿ ವೇರಿ–ಲೈಟ್ ಎಂಬ ಮೂವಿಂಗ್ ಹೆಡ್ ಮೊದಲು ವೇದಿಕೆ ಏರಿದಾಗ, ಒಂದೇ ದೀಪದಿಂದ ಹತ್ತಾರು ದೀಪಗಳ ಕೆಲಸ ತೆಗೆಯಬಹುದು ಎಂಬುದೇ ಅದರ ದೊಡ್ಡ ಗುಣವಾಗಿತ್ತು. ಇಂಥ ದೀಪಗಳಿಗೆ ಕನ್ಸೋಲಿನಿಂದ ಆಜ್ಞೆ ಕಳಿಸುವ 1986ರ ಡಿಎಂಎಕ್ಸ್ 512 ಪದ್ಧತಿಯಲ್ಲಿ ಒಂದು ಕೇಬಲ್ ಸಾಲಿಗೆ 512 ಚಾನೆಲ್. ಪ್ರತಿ ಚಾನೆಲ್ಲಿನ ಬೆಲೆ 0ಯಿಂದ 255ರವರೆಗೆ. ಹದಿನಾರು ಚಾನೆಲ್ ತಿನ್ನುವ ದೀಪಗಳಾದರೆ ಮೊದಲನೆಯದಕ್ಕೆ 1, ಎರಡನೆಯದಕ್ಕೆ 17, ಮೂರನೆಯದಕ್ಕೆ 33 ಎಂದು ವಿಳಾಸ ಕೊಡಬೇಕು. ಇಷ್ಟನ್ನು ನಮ್ಮ ಲೈಟಿನ ಹುಡುಗರು ಕಣ್ಮುಚ್ಚಿ ಮಾಡುತ್ತಾರೆ.

ಎಡವುವುದು ಮುಂದೆ. ಅಡ್ಡ ತಿರುಗುವ ಪ್ಯಾನ್ ಸಾಮಾನ್ಯವಾಗಿ 540 ಡಿಗ್ರಿ. ಅದನ್ನು 255 ಹೆಜ್ಜೆಗೆ ಹಂಚಿದರೆ ಒಂದೊಂದು ಹೆಜ್ಜೆ ಎರಡು ಡಿಗ್ರಿಗೂ ತುಸು ಹೆಚ್ಚು. ಇಪ್ಪತ್ತೈದು ಅಡಿ ದೂರದಲ್ಲಿ ಅದು ಸುಮಾರು ಒಂದು ಅಡಿ. ಶಾರ್ಪಿಯಂಥ ಬೀಮ್ ದೀಪದ ಬೆಳಕಿನ ವೃತ್ತವೇ ಅಲ್ಲಿ ಒಂದೂವರೆ ಅಡಿ ಇರಬಹುದು, ಅಷ್ಟೆ. ಹೀಗಿರುವಾಗ ನಡೆಯುವ ನಟನ ಮುಖವನ್ನು ಅದರಲ್ಲಿ ಹಿಡಿಯುವುದು ಹೇಗೆ? ಅದಕ್ಕೆಂದೇ ಪ್ಯಾನ್ ಫೈನ್, (ಮೇಲೆ ಕೆಳಗೆ ಬಾಗುವ ಚಲನೆಗೆ) ಟಿಲ್ಟ್ ಫೈನ್ ಎಂಬ ಎರಡು ಚಾನೆಲ್ ಇವೆ. ಅವು ಸೇರಿದರೆ ಹೆಜ್ಜೆಗಳು 65,536 ಆಗಿ, ಅಡಿಯ ಲೆಕ್ಕ ಮಿಲಿಮೀಟರಿಗೆ ಇಳಿಯುತ್ತದೆ. ಫ್ರಾಸ್ಟ್ ಚಾನೆಲ್ ಹಾಕಿದರೆ ಕೋಲಿನಂಥ ಬೆಳಕು ಹರಡಿ ಮೆತ್ತಗಾಗುತ್ತದೆ. ಈ ಮೂರು ಚಾನೆಲ್ಲುಗಳನ್ನು ಮುಟ್ಟುವವರೇ ಕಡಿಮೆ.

ಇದಕ್ಕಿಂತ ದೊಡ್ಡ ನಷ್ಟ ಕನ್ಸೋಲಿನ ನೆನಪಿನ ಶಕ್ತಿಯದು. ಮನೆಯ ಬಾಗಿಲು, ತುಳಸಿಕಟ್ಟೆ, ಗೌಡರ ಕುರ್ಚಿ, ಎಡ ವಿಂಗ್ – ಹೀಗೆ ಜಾಗಗಳನ್ನು ಮೊದಲೇ ಉಳಿಸಿಕೊಂಡರೆ, ಗುಂಡಿ ಒತ್ತಿದೊಡನೆ ದೀಪ ಅಲ್ಲಿಗೆ ಬರುತ್ತದೆ. ಎಷ್ಟು ಸೆಕೆಂಡಿನಲ್ಲಿ ಬರಬೇಕು ಎಂದೂ ಹೇಳಿಡಬಹುದು. ಡಿಮ್ಮರ್ ಮುಚ್ಚಿ ಕತ್ತಲಲ್ಲೇ ತಲೆ ತಿರುಗಿಸಿ, ಗೌಡ ಬಂದು ಕೂತ ಮೇಲೆ ಬೆಳಕು ತೆರೆದರೆ, ದೀಪ ಅಲುಗಿದ್ದು ಯಾರಿಗೂ ಕಾಣುವುದಿಲ್ಲ. ನಾಟಕದಲ್ಲಿ ಮೂವಿಂಗ್ ಹೆಡ್‌ನ ಅತ್ಯುತ್ತಮ ಚಲನೆ ಇದೇ ಎಂದು ನಾನು ಎಣಿಸುತ್ತೇನೆ. ಕಣ್ಣಿಗೆ ಕಾಣುವಂತೆ ದೀಪ ಅಲುಗಿದರೆ ಅದಕ್ಕೆ ಕಾರಣವಿರಬೇಕು: ದೇವಿ ಪ್ರತ್ಯಕ್ಷವಾಗುವಾಗ, ಯುಗಳಗೀತೆಯಲ್ಲಿ, ಕಳ್ಳನನ್ನು ಹುಡುಕುವಾಗ. ಅಂಥ ಕಡೆ ಹೊಗೆಯ ನಡುವೆ ಬೆಳಕು ಬೀಸಿ ಬಂದಾಗ ಜನ ಸಿಳ್ಳೆ ಹಾಕುತ್ತಾರೆ. ಹಾಕಲಿ, ಆ ಸಂತೋಷ ನ್ಯಾಯವಾದದ್ದು. ಟ್ರಿಕ್ ಸೀನಿನ ಬೆರಗು ಕಂಪನಿ ನಾಟಕದ ಕಾಲದಿಂದಲೂ ನಮ್ಮ ರಂಗಭೂಮಿಯ ಆಸ್ತಿ.

ತಪ್ಪನ್ನು ಲೈಟಿನ ಹುಡುಗನ ಮೇಲೆ ಹೊರಿಸಲು ನಾನು ಸಿದ್ಧನಿಲ್ಲ. ಅವನ ಗಾಡಿ ಬರುವುದು ನಾಟಕದ ದಿನ ಹೊತ್ತು ಮುಳುಗುವಾಗ. ಹಿಂದಿನ ರಾತ್ರಿ ಇನ್ನೊಂದೂರಿನ ಆರ್ಕೆಸ್ಟ್ರಾ ಮುಗಿಸಿ ಬಂದಿರುತ್ತಾನೆ, ನಿದ್ದೆಯಿಲ್ಲ. ಟ್ರಸ್ ಏರಿಸಿ ಕೇಬಲ್ ಎಳೆಯುವಷ್ಟರಲ್ಲಿ ನಾಂದಿ ಶುರು. ಕಥೆ ಏನು, ಯಾರು ಯಾವ ಕಡೆಯಿಂದ ಬರುತ್ತಾರೆ, ಯಾವ ಮಾತಿಗೆ ಕತ್ತಲಾಗಬೇಕು ಎಂದು ಅವನಿಗೆ ಯಾರೂ ಹೇಳಿರುವುದಿಲ್ಲ. ಪೇಟಿಯವರಿಗೂ ತಬಲದವರಿಗೂ ತಾಲೀಮು ಉಂಟು, ಇವನಿಗೆ ಮಾತ್ರ ಇಲ್ಲ. ಹೀಗಿರುವಾಗ ಅವನು ಚೇಸ್ ಓಡಿಸದೆ ಇನ್ನೇನು ಮಾಡಿಯಾನು?

ಜಾತ್ರೆ ಕಮಿಟಿಯ ಹಿರಿಯರಲ್ಲಿ, ಮಾಸ್ತರರಲ್ಲಿ ನನ್ನ ಕೋರಿಕೆ ಇಷ್ಟು: ಶಾರ್ಪಿಗಳನ್ನು ಎರಡು ಕಡಿಮೆ ತರಿಸಿ, ಮುಖಕ್ಕೆ ಬೀಳುವ ಬಿಳಿ ಪಾರ್ ಎರಡು ಹೆಚ್ಚು ಕೇಳಿ. ಕೊನೆಯ ತಾಲೀಮಿಗೆ ಕನ್ಸೋಲ್ ನಡೆಸುವ ಹುಡುಗನನ್ನೂ ಕರೆಸಿ, ಆ ದಿನದ ಪಗಾರ ಕೊಡಿ, ನಾಟಕದ ಒಂದು ಪ್ರತಿಯನ್ನು ಅವನ ಕೈಗಿಡಿ.