ಒಂದು ಗೆರೆ, ಎರಡು ಗೆರೆ: ದಿನ ಬಿಟ್ಟು ದಿನ ನಿಲುಗಡೆಯ ಫಲಕ

ವಾಹನ ನಿಲುಗಡೆಯನ್ನು ನಿಷೇಧಿಸುವ ಫಲಕ ಎಲ್ಲರಿಗೂ ಪರಿಚಿತ. ದುಂಡನೆಯ ನೀಲಿ ಬಿಲ್ಲೆ, ಸುತ್ತಲೂ ಕೆಂಪು ಅಂಚು, ಓರೆಯಾಗಿ ಎಳೆದ ಒಂದು ಕೆಂಪು ಪಟ್ಟಿ. ಅದೇ ಬಿಲ್ಲೆಯ ನಡುವೆ ಬಿಳಿಯ ಲಂಬ ಗೆರೆಯೊಂದು ಇದ್ದರೆ ಅದರ ಅರ್ಥವೇನು? ಎರಡು ಗೆರೆಗಳಿದ್ದರೆ? ಸ್ಪೇನ್, ಪೋಲೆಂಡ್, ರಷ್ಯ ಮುಂತಾದ ದೇಶಗಳ ಕಿರಿದಾದ ಬೀದಿಗಳಲ್ಲಿ ಇಂತಹ ಫಲಕಗಳಿವೆ. ಒಂದು ಗೆರೆಯಿದ್ದರೆ ತಿಂಗಳ ಬೆಸ ತಾರೀಖುಗಳಂದು ಆ ಬದಿಯಲ್ಲಿ ವಾಹನ ನಿಲ್ಲಿಸುವಂತಿಲ್ಲ. ಎರಡು ಗೆರೆಗಳಿದ್ದರೆ ಸಮ ತಾರೀಖುಗಳಂದು ನಿಲ್ಲಿಸುವಂತಿಲ್ಲ. 1968ರಲ್ಲಿ ವಿಯೆನ್ನಾದಲ್ಲಿ ಆದ ರಸ್ತೆ ಸಂಕೇತಗಳ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಈ ಜೋಡಿಗೆ ಸ್ಥಾನವಿದೆ. ಭಾರತವೂ ಆ ಒಪ್ಪಂದಕ್ಕೆ ಸೇರಿದ ದೇಶ.

ವ್ಯವಸ್ಥೆಯ ಉದ್ದೇಶ ಒಳ್ಳೆಯದೇ. ರಸ್ತೆಯ ಎರಡೂ ಬದಿ ವಾಹನಗಳು ನಿಂತರೆ ನಡುವೆ ದಾರಿ ಉಳಿಯುವುದಿಲ್ಲ. ಯಾವಾಗಲೂ ಒಂದೇ ಬದಿಗೆ ಅವಕಾಶ ಕೊಟ್ಟರೆ ಇನ್ನೊಂದು ಬದಿಯ ಮನೆ, ಅಂಗಡಿಯವರಿಗೆ ಅನ್ಯಾಯ. ದಿನ ಬಿಟ್ಟು ದಿನ ಬದಿ ಬದಲಾದರೆ ಬೀದಿ ಗುಡಿಸಲು, ಹಿಮ ತೆಗೆಯಲು ಅನುಕೂಲ. ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿರುವುದು ಈ ಪದ್ಧತಿಯನ್ನಲ್ಲ, ಅದನ್ನು ಹೇಳುವ ಸಂಕೇತವನ್ನು.

ಸಂಕೇತವನ್ನು ರೂಪಿಸಿದವರ ತರ್ಕ ಚೊಕ್ಕಟವಾಗಿದೆ. ಯಾವುದೇ ಸಂಖ್ಯೆಯನ್ನು ಎರಡೆರಡಾಗಿ ಜೋಡಿಸುತ್ತ ಹೋದರೆ ಕೊನೆಗೆ ಒಂದು ಒಂಟಿಯಾಗಿ ಉಳಿಯಬಹುದು, ಇಲ್ಲವೇ ಎಲ್ಲವೂ ಜೋಡಿಯಾಗಿ ಮುಗಿಯಬಹುದು. ಹುಣಸೆ ಬೀಜಗಳನ್ನು ಮುಷ್ಟಿಯಲ್ಲಿ ಹಿಡಿದು ‘ಸರಿಯೋ ಬೆಸವೋ’ ಆಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಒಂಟಿ ಗೆರೆ ಬೆಸ, ಜೋಡಿ ಗೆರೆ ಸಮ. ಒಂದೂ ಅಕ್ಷರವಿಲ್ಲ, ಆದ್ದರಿಂದ ಭಾಷೆಯ ತೊಡಕೂ ಇಲ್ಲ. ಆದರೆ ಅರ್ಥ ಗೊತ್ತಾದ ಮೇಲೆ ಚೊಕ್ಕಟವಾಗಿ ಕಾಣುವುದು ಬೇರೆ, ಗೊತ್ತಿಲ್ಲದವನಿಗೆ ತಿಳಿಸುವುದು ಬೇರೆ. ಮೊದಲ ಸಲ ನೋಡುವವನಿಗೆ ಇವು ರೋಮನ್ ಅಂಕಿಗಳಾಗಿ ಕಾಣುತ್ತವೆ. ಒಂದನೇ ಪಾಳಿ, ಎರಡನೇ ಪಾಳಿ ಎಂದೋ, ತಿಂಗಳ ಮೊದಲರ್ಧ, ಎರಡನೆಯರ್ಧ ಎಂದೋ ಅವನು ಊಹಿಸಿದರೆ ಆ ಊಹೆ ಅಸಂಬದ್ಧವಲ್ಲ. ಫ್ರಾನ್ಸಿನಲ್ಲಿ ಹದಿನೈದು ದಿನಕ್ಕೊಮ್ಮೆ ಬದಿ ಬದಲಿಸುವ ಪದ್ಧತಿ ನಿಜಕ್ಕೂ ಇದೆ. ಅಲ್ಲಿಯ ಫಲಕದ ಮೇಲೆ ‘1-15’, ‘16-31’ ಎಂದು ನೇರವಾಗಿಯೇ ಬರೆದಿರುತ್ತಾರೆ. ಹೀಗೆ ತಾರೀಖು ಬರೆಯಲು ವಿಯೆನ್ನಾ ಒಪ್ಪಂದವೇ ಅವಕಾಶ ಕೊಟ್ಟಿದೆ. ಅಂಕಿಗಳೂ ಅಕ್ಷರಗಳಲ್ಲ, ಅವೂ ಭಾಷೆಯ ಗಡಿ ದಾಟುತ್ತವೆ. ಹಾಗಿದ್ದ ಮೇಲೆ ಗೆರೆಗಳಿಂದ ಆದ ಉಳಿತಾಯ ಯಾವುದು?

ಇನ್ನೊಂದು ತೊಡಕು ನಿಷೇಧದ ರೂಪದಲ್ಲಿದೆ. ಚಾಲಕನ ಮನಸ್ಸಿನಲ್ಲಿರುವ ಪ್ರಶ್ನೆ ‘ಈಗ ಇಲ್ಲಿ ನಿಲ್ಲಿಸಬಹುದೇ?’ ಎಂಬುದು. ಫಲಕ ಹೇಳುವುದು ನಿಲ್ಲಿಸಬಾರದ ದಿನವನ್ನು. ಅವನು ಇಂದಿನ ತಾರೀಖನ್ನು ನೆನಪಿಸಿಕೊಳ್ಳಬೇಕು, ಅದು ಸಮವೋ ಬೆಸವೋ ನೋಡಬೇಕು, ಗೆರೆಗೆ ಹೋಲಿಸಬೇಕು, ಆಮೇಲೆ ಉತ್ತರವನ್ನು ತಿರುಗಿಸಿಕೊಳ್ಳಬೇಕು. ಒಂದೊಂದೂ ಸುಲಭದ ಹೆಜ್ಜೆ. ಹಿಂದಿನ ವಾಹನದವನು ಹಾರನ್ ಒತ್ತುತ್ತಿರುವಾಗ ನಾಲ್ಕನ್ನೂ ಸಾಲಾಗಿ ಇಡುವುದು ಅಷ್ಟು ಸುಲಭವಲ್ಲ.

ಇದು ಬರೀ ತರ್ಕದ ಚಮತ್ಕಾರವಲ್ಲ ಎಂಬುದಕ್ಕೆ ಪುಣೆಯ ಬೀದಿಗಳೇ ಸಾಕ್ಷಿ. ಅಲ್ಲಿ ‘ಪಿ-1’, ‘ಪಿ-2’ ಫಲಕಗಳು ಬಹುಕಾಲದಿಂದ ಬಳಕೆಯಲ್ಲಿವೆ. ಪಿ-1 ಎಂದರೆ ಬೆಸ ತಾರೀಖುಗಳಂದು ಆ ಬದಿಯಲ್ಲಿ ನಿಲ್ಲಿಸಬಹುದು, ಪಿ-2 ಎಂದರೆ ಸಮ ತಾರೀಖುಗಳಂದು. ವಿಯೆನ್ನಾ ಫಲಕದ ‘ಒಂದು’ ಬೆಸ ದಿನಗಳಲ್ಲಿ ಬೇಡ ಎನ್ನುತ್ತದೆ, ಪುಣೆಯ ‘ಒಂದು’ ಬೆಸ ದಿನಗಳಲ್ಲಿ ಬನ್ನಿ ಎನ್ನುತ್ತದೆ. ಗುರುತು ಒಂದೇ, ಆಜ್ಞೆ ತದ್ವಿರುದ್ಧ. ಪುಣೆಯ ರೀತಿ ಚಾಲಕನ ಪ್ರಶ್ನೆಗೆ ನೇರವಾಗಿ ಉತ್ತರಿಸುವುದರಿಂದ ನನ್ನ ಮಟ್ಟಿಗೆ ಅದೇ ಮೇಲು. ಆದರೂ ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಮೊದಲ ಸಲ ಹೋದವನಿಗೆ ಪಿ-1 ಎಂದರೆ ನಿಲುಗಡೆಯ ಒಂದನೇ ಅಂಕಣ ಎಂದೇ ತೋರುತ್ತದೆ. ತಪ್ಪು ತಿಳಿದದ್ದಕ್ಕೆ ದಂಡ ತೆರುವವನು ಅವನೇ.

ಸ್ವೀಡನ್ನಿನ ‘ತಾರೀಖು ನಿಲುಗಡೆ’ ಇವೆಲ್ಲಕ್ಕಿಂತ ಜಾಣತನದ್ದು. ಅಲ್ಲಿ ಸಮ ತಾರೀಖಿನಂದು ಸಮ ಸಂಖ್ಯೆಯ ಮನೆಗಳ ಬದಿಯಲ್ಲಿ, ಬೆಸ ತಾರೀಖಿನಂದು ಬೆಸ ಸಂಖ್ಯೆಯ ಮನೆಗಳ ಬದಿಯಲ್ಲಿ ನಿಲ್ಲಿಸುವಂತಿಲ್ಲ. ಯಾವ ಬದಿ ಎಂಬುದನ್ನು ಮನೆಯ ಬಾಗಿಲೇ ಹೇಳುತ್ತದೆ. ಹಳೆಯ ನಂಬರು, ಹೊಸ ನಂಬರು ಎಂದು ಒಂದೇ ಬಾಗಿಲಿಗೆ ಎರಡು ಸಂಖ್ಯೆ ಬರೆದುಕೊಂಡಿರುವ ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಇದು ನಡೆಯುವ ಮಾತಲ್ಲ.

ಪಂಚಾಂಗದಲ್ಲೇ ಇರುವ ಒಂದು ಕೊಂಕನ್ನೂ ಇಲ್ಲಿ ಹೇಳಬೇಕು. ಸಮ, ಬೆಸ ಎಂದರೆ ಸರಿಪಾಲು ಎಂದು ನಾವು ಭಾವಿಸುತ್ತೇವೆ. 31ನೇ ತಾರೀಖಿನ ಮರುದಿನ 1. ಎರಡೂ ಬೆಸ. ವರ್ಷಕ್ಕೆ ಏಳು ಸಲ ಹೀಗಾಗುತ್ತದೆ. ಸಾಮಾನ್ಯ ವರ್ಷದಲ್ಲಿ ಬೆಸ ತಾರೀಖುಗಳು 186, ಸಮ ತಾರೀಖುಗಳು 179. ಅಧಿಕ ವರ್ಷದಲ್ಲಿ ಫೆಬ್ರವರಿ 29 ಸೇರಿ 187ಕ್ಕೆ 179. ಏಳೆಂಟು ದಿನದ ವ್ಯತ್ಯಾಸ ದೊಡ್ಡ ಅನ್ಯಾಯವೇನಲ್ಲ. ಆದರೆ ಇಂದು ಈ ಬದಿ, ನಾಳೆ ಆ ಬದಿ ಎಂದು ರೂಢಿಯ ಮೇಲೆ ನಡೆಯುವವನು ತಿಂಗಳ ಮೊದಲ ದಿನವೇ ಸಿಕ್ಕಿಬೀಳುತ್ತಾನೆ.

ಮಧ್ಯರಾತ್ರಿಯ ಸಮಸ್ಯೆ ಇನ್ನೂ ಗಂಭೀರ. ನಿಷೇಧ ಇಡೀ ದಿನದ್ದಾದರೆ, ರಾತ್ರಿ ಹತ್ತಕ್ಕೆ ನಿಯಮದಂತೆ ನಿಲ್ಲಿಸಿದ ವಾಹನ ಹನ್ನೆರಡು ಕಳೆದೊಡನೆ ಅಪರಾಧಿಯಾಗುತ್ತದೆ. ರಷ್ಯದ ನಿಯಮದಲ್ಲಿ ಇದಕ್ಕೆ ಪರಿಹಾರವಿದೆ. ಎರಡೂ ಬದಿ ಈ ಫಲಕಗಳಿರುವಲ್ಲಿ, ವಾಹನ ಬದಲಿಸಿಕೊಳ್ಳಲೆಂದು ದಿನದ ಕೊನೆಯಲ್ಲಿ ಕೆಲವು ಗಂಟೆ ಎರಡೂ ಕಡೆ ನಿಲ್ಲಿಸಬಹುದು. ಫ್ರಾನ್ಸಿನಲ್ಲಿ ಅವಧಿಯ ಕೊನೆಯ ದಿನ ರಾತ್ರಿ 8.30ರಿಂದ 9ರೊಳಗೆ ಬದಿ ಬದಲಿಸಬೇಕು. ವಿವೇಕದ ನಿಯಮಗಳು, ಆದರೆ ಇವು ಇರುವುದು ನಿಯಮದ ಪುಸ್ತಕದಲ್ಲಿ. ಗೆರೆಗಳ ಬಿಲ್ಲೆಯನ್ನು ಎಷ್ಟು ಹೊತ್ತು ನೋಡಿದರೂ ಇವು ತಿಳಿಯುವುದಿಲ್ಲ.

ನ್ಯೂಯಾರ್ಕ್ ನಗರ 1950ರಲ್ಲಿ ಬೀದಿ ಗುಡಿಸಲೆಂದು ಬದಿ ಬದಲಿಸುವ ಪದ್ಧತಿ ತಂದಾಗ ತಾರೀಖನ್ನು ಬಿಟ್ಟು ವಾರಗಳನ್ನು ಹಿಡಿಯಿತು. ಫಲಕದ ಮೇಲೆ ಪೊರಕೆಯ ಚಿತ್ರ, ವಾರದ ಹೆಸರು, ಗಂಟೆ. ಮಾತು ಹೆಚ್ಚು, ನಿಜ. ಆದರೆ ಇಂದು ತಾರೀಖು ಎಷ್ಟೆಂದು ಮರೆತವರು ಸಿಕ್ಕಷ್ಟು ಸುಲಭವಾಗಿ ಇಂದು ಯಾವ ವಾರವೆಂದು ಮರೆತವರು ಸಿಗುವುದಿಲ್ಲ. ಅಲ್ಲದೆ ನಿಷೇಧ ದಿನದ ಕೆಲವೇ ಗಂಟೆಗಳದ್ದು, 31ರ ಕೊಂಕೂ ಇಲ್ಲ.

ನಮ್ಮ ನಗರಗಳಲ್ಲಿ ಇಂತಹ ಫಲಕ ನೆಡುವವರು ಗೆರೆಯನ್ನಾಗಲಿ ಪಿ-1 ಅನ್ನಾಗಲಿ ಬೇಕಾದರೆ ಇಟ್ಟುಕೊಳ್ಳಲಿ. ಅದರ ಕೆಳಗೆ ಒಂದು ಚಿಕ್ಕ ಪಟ್ಟಿ ಸೇರಿಸಿ, ‘1, 3, 5 … 31: ಇಲ್ಲಿ ನಿಲ್ಲಿಸಬಹುದು’ ಎಂದು ಬರೆಸಿ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಎಂಬುದನ್ನೂ ಸೇರಿಸಬೇಕು. ಕಂಬ ಹೇಗೂ ಅಲ್ಲಿ ನಿಂತಿದೆ, ಬೇಕಾದದ್ದು ಒಂದು ತಗಡು ಮತ್ತು ನಾಲ್ಕು ತಿರುಪು.