ಚೋಮ ತಿರುಗಿ ಬಂದ ದಾರಿ

ನಮ್ಮ ಮಾತಿನಲ್ಲೇ ಒಂದು ಮೋಸವಿದೆ. ಸುತ್ತು ಹಾಕದೆ ಬೇಗ ಮುಟ್ಟಿಸುವ ದಾರಿಗೆ ಅಡ್ಡದಾರಿ ಅಂತೇವೆ. ಕೆಟ್ಟು ಹೋದವನನ್ನೂ ಅಡ್ಡದಾರಿ ಹಿಡಿದ ಅಂತಲೇ ಬೈಯುತ್ತೇವೆ. ಊರಬೀದಿ ತುಳಿಯಬಾರದೆಂದು ಕಟ್ಟುಮಾಡಿ ಕೇರಿಯವರನ್ನು ಬೇಲಿ ಸುತ್ತಿಸಿದವರೇ ಈ ಎರಡನೆಯ ಅರ್ಥವನ್ನೂ ಅಂಟಿಸಿರಬಹುದೇ? ಈ ಗುಮಾನಿ ಇಟ್ಟುಕೊಂಡೇ ನಾವು ಶಿವರಾಮ ಕಾರಂತರ 'ಚೋಮನ ದುಡಿ'ಯನ್ನು ಮತ್ತೆ ಓದಬೇಕಾಗಿದೆ.

ಕಾದಂಬರಿ ಬಂದದ್ದು 1933ರಲ್ಲಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನು ಸಿನಿಮಾ ಮಾಡಿದರು. ಚೋಮನ ಆಸೆ ಒಂದೇ, ಬೇಸಾಯ. ಎತ್ತುಗಳಿವೆ, ಗದ್ದೆಯಿಲ್ಲ. ಅಸ್ಪೃಶ್ಯ ಆರಂಬಗಾರನಾಗಬಾರದು ಅನ್ನೋದು ಊರ ಕಟ್ಟಳೆ. ಧಣಿ ಸಂಕಪ್ಪಯ್ಯನಿಗೆ ಒಮ್ಮೆ ಕೊಡುವ ಮನಸ್ಸು ಬಂದರೂ ತಾಯಿ ಬೇಡ ಅಂದಳು. ಅಲ್ಲಿಗೆ ಮುಗಿಯಿತು.

ಚೋಮನ ಮುಂದೆ ಎರಡು ದಾರಿ. ಒಂದು, ಧಣಿಯ ಮಾತು ಮೀರದೆ ದುಡಿಯುವುದು. ಇನ್ನೊಂದು, ಕ್ರೈಸ್ತನಾಗಿ ಭೂಮಿ ಪಡೆಯುವುದು. ಮೊದಲನೆಯದು ಕ್ಷೇಮದ ದಾರಿ ಅಂತೆ! ಅದರಲ್ಲಿ ನಡೆದೇ ಅವನ ಮಕ್ಕಳು ಸಾಲ ತೀರಿಸಲು ಕಾಫಿ ತೋಟಕ್ಕೆ ಹೋದರು. ಒಬ್ಬ ಚಳಿಜ್ವರಕ್ಕೆ ಸತ್ತ. ಇನ್ನೊಬ್ಬ ಮಗ ಹೊಳೆಯಲ್ಲಿ ಮುಳುಗುವಾಗ ಮುಟ್ಟಬಾರದೆಂದು ದಡದವರು ನೋಡುತ್ತ ನಿಂತರು. ಇಷ್ಟಾದ ಮೇಲೂ ಮತ ಬಿಡಲು ಹೊರಟ ಚೋಮ ಪಂಜುರ್ಲಿಯ ಗುಡಿ ಕಂಡು ತಿರುಗಿ ಬರುತ್ತಾನೆ.

ತಿರುಗಿಸಿದ್ದು ಯಾರು? ಭೂತವೋ, ಕಾದಂಬರಿಕಾರರೋ? ನಮ್ಮ ತಕರಾರು ಇಲ್ಲಿದೆ. ಮನೆದೈವದ ಮೇಲಿನ ಭಯ ಭಕ್ತಿ ಸುಳ್ಳಲ್ಲ, ನಮ್ಮ ಅವ್ವ ಅಪ್ಪಂದಿರಲ್ಲಿ ನಾವೇ ಕಂಡಿದ್ದೇವೆ. ಆದರೆ ಅದೇ ಭಯ ಧಣಿಯ ಗದ್ದೆಗೂ ಕಾವಲಾಗುತ್ತದಲ್ಲ, ಅದನ್ನು ಕಾದಂಬರಿ ಕೆದಕುವುದಿಲ್ಲ.

ಹಾಗಂತ ಕಾರಂತರನ್ನು ತಳ್ಳಿಹಾಕಲು ನಾವು ಸಿದ್ಧರಿಲ್ಲ. ಮಗಳು ಬೆಳ್ಳಿ ತೋಟದಲ್ಲಿ ಪಟ್ಟ ಪಾಡನ್ನು ಅವರು ಮುಚ್ಚಿಡಲಿಲ್ಲ. ಅವಳನ್ನು ಬಳಸಿಕೊಂಡ ಮನ್ವೇಲನೂ ಕ್ರೈಸ್ತನೇ. ಒಬ್ಬೊಬ್ಬರೇ ಮತ ಬದಲಿಸಿದ ಮಾತ್ರಕ್ಕೆ ಧಣಿತನ ಸಾಯುವುದಿಲ್ಲ ಅನ್ನೋ ಸತ್ಯ ಅಲ್ಲಿದೆ. ಕ್ಷೇಮದ ದಾರಿಗೆ ಮರಳಿದವನಿಗೂ ಅವರು ಸುಖ ಕೊಡಲಿಲ್ಲ. ಚೋಮ ದುಡಿ ಬಾರಿಸುತ್ತಲೇ ಸಾಯುತ್ತಾನೆ.

ಕಾದಂಬರಿ ಬಂದ ಎರಡೇ ವರ್ಷಕ್ಕೆ, 1935ರಲ್ಲಿ, ಯೇವಲಾದಲ್ಲಿ ಅಂಬೇಡ್ಕರ್ ತಾವು ಹಿಂದೂವಾಗಿ ಸಾಯುವುದಿಲ್ಲ ಎಂದರು. ಬೌದ್ಧರಾದದ್ದು 1956ರಲ್ಲಿ, ನಾಗಪುರದಲ್ಲಿ, ಲಕ್ಷಾಂತರ ಜನರ ಜೊತೆ. ನಡುವೆ ಇಪ್ಪತ್ತೊಂದು ವರ್ಷ. ಇದನ್ನು ಅಡ್ಡದಾರಿ ಅನ್ನೋರು ಆ ವರ್ಷಗಳನ್ನು ಲೆಕ್ಕ ಹಾಕಲಿ. ಇತ್ತ ಕಾನೂನಿನ ದಾರಿಯೂ ಸಲೀಸಾಗಿರಲಿಲ್ಲ. 1974ರ ಭೂಸುಧಾರಣೆ ತಿದ್ದುಪಡಿ ಉಳುವ ಗೇಣಿದಾರನಿಗೆ ಹಕ್ಕು ಕೊಟ್ಟಿತು. ಆದರೆ ಗೇಣಿಗೂ ಗದ್ದೆ ಸಿಗದ ಚೋಮನಂಥ ಆಳು ಯಾವ ಹಕ್ಕು ತೋರಿಸಿ ಅರ್ಜಿ ಹಾಕಬೇಕಿತ್ತು?

ಮೇಷ್ಟ್ರಾಗಿರುವ ಗೆಳೆಯರೆ, ಈ ಪುಸ್ತಕ ಪಾಠ ಮಾಡುವಾಗ ಚೋಮನ ಸ್ವಾಮಿನಿಷ್ಠೆ, ದೈವಭಕ್ತಿ ಅಂತ ಟಿಪ್ಪಣಿ ಬರೆಸಿ ಕೈತೊಳೆದುಕೊಳ್ಳಬೇಡಿ. ಗುಡಿಯ ಮುಂದೆ ಕತೆ ನಿಲ್ಲಿಸಿ. ಅವನು ತಿರುಗಿ ಬಂದದ್ದರಿಂದ ಯಾರಿಗೆ ಲಾಭ ಅಂತ ಮಕ್ಕಳನ್ನೇ ಕೇಳಿ. ಹಿಂದಿನ ಬೆಂಚಿನ ಹುಡುಗ ಬಾಯಿಬಿಟ್ಟರೆ ಅವನ ಉತ್ತರವನ್ನು ತಿದ್ದಲು ಹೋಗಬೇಡಿ.